ಹಳೆಯ ಒಡಲು, ಹೊಸ ಎಂಜಿನ್: ವಾಲ್‌ಚಂದ್ ಬಿಟ್ಟುಹೋದ ಪ್ರಶ್ನೆ

ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಬಾನೆಟ್ ಎತ್ತಿದಾಗ ಒಳಗೆ ಮಾರುತಿಯ ಎಂಜಿನ್ ಕಂಡರೆ ಇಂದು ಯಾರೂ ಬೆರಗಾಗುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಕೇಂದ್ರಗಳ ಗ್ಯಾರೇಜುಗಳಲ್ಲಿ ಕೈ ಪಳಗಿದ ಮಿಸ್ತ್ರಿಗಳಿಗೆ ಇದು ಹೊಸ ವಿದ್ಯೆಯೂ ಅಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪುಗಳ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ದೇಶದ ಎಲ್ಲೆಡೆ ನಡೆಯಿತು. ಪ್ರಯಾಣಿಕರನ್ನು ಗಾಣಗಾಪುರದ ದತ್ತ ಸನ್ನಿಧಿಗೋ ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೋ ಕರೆದೊಯ್ದು ಹೊಟ್ಟೆ ಹೊರೆಯುವವನಿಗೆ ವಾಹನದ ವಂಶಾವಳಿಗಿಂತ ಲೀಟರಿಗೆ ಎಷ್ಟು ಮೈಲಿ ಎಂಬ ಲೆಕ್ಕವೇ ಮುಖ್ಯ. ಈಗ ಅದೇ ಕೆಲಸಕ್ಕೆ ಹವ್ಯಾಸದ ಮೆರುಗು ಬಂದಿದೆ. ಹಳೆಯ ಕಾರಿನ ಚೆಲುವಾದ ಒಡಲನ್ನು ಉಳಿಸಿಕೊಂಡು ಅದರೊಳಗೆ ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್, ಸಾಧ್ಯವಾದರೆ ಹೊಸ ಚಾಸಿಯನ್ನೇ ಅಳವಡಿಸುವ ಆಸೆ ಅನೇಕರಲ್ಲಿದೆ.

ಒಡಲು ಒಂದು ಕಾಲದ್ದು, ಚಾಲನಶಕ್ತಿ ಇನ್ನೊಂದು ಕಾಲದ್ದು. ಹಾಗಾದರೆ ಆ ವಾಹನವನ್ನು ಯಾವುದೆಂದು ಕರೆಯಬೇಕು? ಅದರ ಗುಣದೋಷಗಳ ಹೊಣೆ ಯಾರದು? ಗ್ಯಾರೇಜಿನಲ್ಲಿ ಏಳುವ ಈ ಪ್ರಶ್ನೆಯನ್ನು ಒಂದು ದೇಶದ ಮಟ್ಟದಲ್ಲಿ ಎದುರಿಸಿದ ವ್ಯಕ್ತಿ ಈ ತಾಲ್ಲೂಕುಗಳಿಗೆ ನೆರೆಯವನೇ. ಆಳಂದದಿಂದ ಹಿರೋಳಿ ಗಡಿ ದಾಟಿ ಎರಡು ಗಂಟೆ ಪಯಣಿಸಿದರೆ ಸಿಗುವ ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ ಅವರೇ ಪದ್ಮಿನಿಯನ್ನು ತಯಾರಿಸಿದ ಸಂಸ್ಥೆಯ ಸ್ಥಾಪಕರು. ಬೆಂಗಳೂರಿನ ವಿಮಾನ ಕಾರ್ಖಾನೆಗೆ ಅಡಿಪಾಯ ಹಾಕಿದವರೂ ಅವರೇ. ಆದರೂ ಕರ್ನಾಟಕದಲ್ಲಿ ಅವರ ನೆನಪು ಮಸುಕಾಗಿದೆ.

ವಾಲ್‌ಚಂದ್ ಹುಟ್ಟಿದ್ದು 1882ರ ನವೆಂಬರ್ 23ರಂದು. ಗುಜರಾತಿನಿಂದ ವಲಸೆ ಬಂದ ದಿಗಂಬರ ಜೈನ ವರ್ತಕ ಕುಟುಂಬ. ತಂದೆ ಹೀರಾಚಂದ್ ನೇಮಚಂದ್ ದೋಶಿ ವ್ಯಾಪಾರದಷ್ಟೇ ಸಮಾಜ ಸುಧಾರಣೆಯಲ್ಲೂ ಆಸಕ್ತರಾಗಿದ್ದರು. ಸಿದ್ಧರಾಮೇಶ್ವರರ ಸೊನ್ನಲಿಗೆಯಾದ ಆ ಊರಿನಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಮಾತುಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತಿದ್ದವು. ಸೊಲ್ಲಾಪುರ ಬ್ರಿಟಿಷರ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಆಳಂದ, ಅಫಜಲಪುರ, ಜೇವರ್ಗಿಗಳಿದ್ದ ಗುಲ್ಬರ್ಗ ಸೀಮೆ ಹೈದರಾಬಾದ್ ನಿಜಾಮರದು. ರಾಜ್ಯದ ಗಡಿ ಏನೇ ಇರಲಿ, ಹತ್ತಿ ಮತ್ತು ಧಾನ್ಯದ ವ್ಯಾಪಾರ ಅದನ್ನು ದಾಟಿಯೇ ನಡೆಯುತ್ತಿತ್ತು. ಮುಂಬೈ–ಮದ್ರಾಸು ರೈಲು ಮಾರ್ಗವಂತೂ ಎರಡೂ ಸೀಮೆಗಳನ್ನು ಒಂದೇ ಹಳಿಯಲ್ಲಿ ಕಟ್ಟಿಹಾಕಿತ್ತು.

ಸೊಲ್ಲಾಪುರದಲ್ಲಿ ಶಾಲೆ ಮುಗಿಸಿ ಮುಂಬೈ, ಪುಣೆಗಳ ಕಾಲೇಜಿಗೆ ಹೋದ ವಾಲ್‌ಚಂದ್ ಪದವಿ ಪೂರೈಸಲಿಲ್ಲ. ಮನೆಯ ವ್ಯಾಪಾರಕ್ಕೆ ಮರಳಿದರು. ಹತ್ತಿ, ಧಾನ್ಯ, ಲೇವಾದೇವಿಗಳಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ರೈಲ್ವೆ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಎಂಬವರ ಜೊತೆಗೂಡಿ ಬಾರ್ಸಿ ಲಘು ರೈಲ್ವೆಯ ಒಂದು ಭಾಗದ ಗುತ್ತಿಗೆ ಹಿಡಿದರು. ಅಲ್ಲಿಂದ ಮುಂದೆ ಭೋರ್ ಘಾಟಿನ ಸುರಂಗ, ಸಿಂಧೂ ನದಿಗೆ ಕಾಲಾಬಾಗ್‌ನಲ್ಲಿ ಸೇತುವೆ, ಮುಂಬೈಗೆ ನೀರು ತರುವ ಕೊಳವೆ ಮಾರ್ಗ ಹೀಗೆ ಕೆಲಸ ಹಿಗ್ಗಿತು. 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಹುಟ್ಟಿತು. ಮಣ್ಣು, ಕಲ್ಲು, ಕೂಲಿಗಳ ಲೆಕ್ಕ ಕರಗತವಾದಂತೆ ಅವರಿಗೆ ಇನ್ನೊಂದು ಸಂಗತಿಯೂ ಮನವರಿಕೆಯಾಯಿತು. ರೈಲು ಹಾದಿಯನ್ನು ಭಾರತೀಯ ಗುತ್ತಿಗೆದಾರ ಕಟ್ಟಬಲ್ಲ. ಅದರ ಮೇಲೆ ಓಡುವ ಎಂಜಿನ್ ಮಾತ್ರ ಹಡಗಿನಲ್ಲಿ ಬರಬೇಕು. ಆ ಹಡಗೂ ಪರರದೇ.

1919ರಲ್ಲಿ ಅವರು ಹಡಗಿಗೇ ಕೈ ಹಾಕಿದರು. ಕೆನಡಾದ ಕಂಪನಿಗಾಗಿ ಎಂಪ್ರೆಸ್ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ ಪೆಸಿಫಿಕ್ ಸಾಗರದಲ್ಲಿ ಓಡಾಡಿದ್ದ ನೌಕೆಯೊಂದು ಮೊದಲ ಮಹಾಯುದ್ಧದ ಕಾಲದಲ್ಲಿ ಗ್ವಾಲಿಯರ್ ಮಹಾರಾಜರ ಕೈಸೇರಿ, ಲಾಯಲ್ಟಿ ಎಂಬ ಹೆಸರು ಪಡೆದು ಆಸ್ಪತ್ರೆ ಹಡಗಾಗಿತ್ತು. ಯುದ್ಧ ಮುಗಿದ ಮೇಲೆ ಅದನ್ನು ವಾಲ್‌ಚಂದ್ ಮತ್ತು ನರೋತ್ತಮ ಮೊರಾರ್ಜಿ ಮೊದಲಾದ ಗೆಳೆಯರು ಕೊಂಡರು. ಸಿಂಧಿಯಾ ನೌಕಾ ಕಂಪನಿಯ ಆರಂಭ ಅದು. ಅದೇ ವರ್ಷ ಏಪ್ರಿಲ್ 5ರಂದು ಲಾಯಲ್ಟಿ ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಇಂದಿಗೂ ಆ ದಿನವನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸಲಾಗುತ್ತಿದೆ. ಆದರೆ ಹಡಗಿಗೆ ಆಗಲೇ ಸುಮಾರು ಮೂವತ್ತು ವರ್ಷ ವಯಸ್ಸಾಗಿತ್ತು. ಹೊಸ ಧ್ವಜ ಏರಿದರೂ ಒಡಲು ಹಳೆಯದೇ. ಕೆಲವೇ ವರ್ಷಗಳಲ್ಲಿ ಅದು ಗುಜರಿಗೆ ಹೋಯಿತು. 1923ರಲ್ಲಿ ಬ್ರಿಟಿಷ್ ಹಡಗು ಕಂಪನಿಗಳೊಡನೆ ಮಾಡಿಕೊಳ್ಳಬೇಕಾದ ಒಪ್ಪಂದ ಸಿಂಧಿಯಾ ಕಂಪನಿಯನ್ನು ಕರಾವಳಿ ವ್ಯಾಪಾರಕ್ಕೆ ಸೀಮಿತಗೊಳಿಸಿತು. ಹಡಗು ಕೊಳ್ಳುವುದರಿಂದ ಸ್ವಾತಂತ್ರ್ಯ ಬರುವುದಿಲ್ಲ, ಕಟ್ಟಲು ಕಲಿಯಬೇಕು ಎಂಬ ನಿರ್ಧಾರಕ್ಕೆ ಅವರು ಬರಲು ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ. ಎರಡು ದಶಕಗಳ ತರುವಾಯ, 1941ರ ಜೂನ್ 21ರಂದು, ವಿಶಾಖಪಟ್ಟಣದ ಹಡಗುಕಟ್ಟೆಗೆ ರಾಜೇಂದ್ರ ಪ್ರಸಾದರು ಶಂಕುಸ್ಥಾಪನೆ ಮಾಡಿದರು. 1948ರ ಮಾರ್ಚ್ 14ರಂದು ಅಲ್ಲಿ ಕಟ್ಟಿದ ಜಲಉಷಾ ಹಡಗನ್ನು ನೆಹರೂ ನೀರಿಗಿಳಿಸಿದರು.

ಮೋಟಾರಿನ ಕನಸು ವಾಲ್‌ಚಂದ್ ಒಬ್ಬರದೇ ಆಗಿರಲಿಲ್ಲ. ಅದರ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರಿದ್ದರು. ದಿವಾನಗಿರಿ ಬಿಟ್ಟು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಭಾರತದಲ್ಲಿ ಮೋಟಾರು ವಾಹನ ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಮುಂಬೈಯ ಕಾಂಗ್ರೆಸ್ ಸರ್ಕಾರ ಅದಕ್ಕೆ ಒಲವು ತೋರಿತು. 1939ರ ಕೊನೆಯಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆ ವೇಳೆಗೆ ಯೋಜನೆಯನ್ನು ತಮ್ಮ ಹೆಗಲಿಗೆ ಹೊತ್ತುಕೊಂಡಿದ್ದ ವಾಲ್‌ಚಂದ್ ಅಮೆರಿಕದಲ್ಲಿ ಫೋರ್ಡ್, ಕ್ರೈಸ್ಲರ್ ಮೊದಲಾದ ಕಂಪನಿಗಳ ಬಾಗಿಲು ತಟ್ಟುತ್ತಿದ್ದರು. ಒಪ್ಪಿದ್ದು ಕ್ರೈಸ್ಲರ್.

ನಂತರ ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲೇ ಸ್ಥಾಪಿಸುವ ಮಾತು ಬಂತು. ಭದ್ರಾವತಿಯ ಕಬ್ಬಿಣ, ಶಿವನಸಮುದ್ರದ ವಿದ್ಯುತ್ತು, ವಿಶ್ವೇಶ್ವರಯ್ಯನವರ ದೂರದೃಷ್ಟಿ, ವಾಲ್‌ಚಂದ್ ಅವರ ಬಂಡವಾಳ ಎಲ್ಲವೂ ಒಂದೆಡೆ ಸೇರುವ ಅವಕಾಶವದು. ಸಂಸ್ಥಾನ ನೆರವಿಗೆ ಸಿದ್ಧವಾಗಿತ್ತು. ಬ್ರಿಟಿಷ್ ಆಡಳಿತ ಒಪ್ಪಲಿಲ್ಲ. ಮೋಟಾರು ತಯಾರಿಕೆ ಯುದ್ಧಕ್ಕೆ ಅತ್ಯಗತ್ಯವಾದ ಉದ್ಯಮವೆಂದು ಪರಿಗಣಿಸಲು ಅದು ನಿರಾಕರಿಸಿತು. ವಿದೇಶಿ ವಿನಿಮಯ, ಯಂತ್ರಗಳ ಆಮದು ಯಾವುದಕ್ಕೂ ದಾರಿಯಾಗಲಿಲ್ಲ. ಮೈಸೂರು ಹಿಂದೆ ಸರಿಯಬೇಕಾಯಿತು. ಕರ್ನಾಟಕದ ಕೈಗಾರಿಕಾ ಇತಿಹಾಸದಲ್ಲಿ ಕೈತಪ್ಪಿದ ಅವಕಾಶಗಳ ಪಟ್ಟಿಯನ್ನು ಯಾರಾದರೂ ಬರೆದರೆ ಮೊದಲ ಸಾಲಿನಲ್ಲಿ ಇದು ಇರಬೇಕು.

ವಿಚಿತ್ರವೆಂದರೆ ಕಾರಿಗಾಗಿ ಕೈಗೊಂಡ ಅದೇ 1939ರ ಪ್ರವಾಸ ಬೆಂಗಳೂರಿಗೆ ವಿಮಾನ ಕಾರ್ಖಾನೆಯನ್ನು ತಂದಿತು. ಮರುಪಯಣದ ಹಾದಿಯಲ್ಲಿ, ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿ ವಾಲ್‌ಚಂದ್ ಅವರಿಗೆ ಪರಿಚಯವಾದರು. ಮಾತು ಯೋಜನೆಯಾಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಜಮೀನು ಕೊಟ್ಟು ಬಂಡವಾಳದಲ್ಲೂ ಪಾಲುಗೊಂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಅಲ್ಲಿಂದ ಹಾರಿತು. ಕಾರು ಬೇಡವೆಂದ ಆಡಳಿತಕ್ಕೆ ವಿಮಾನ ಬೇಕಾಗಿತ್ತು, ಏಕೆಂದರೆ ಯುದ್ಧ ಏಷ್ಯಾದ ಹೊಸ್ತಿಲಿಗೆ ಬಂದಿತ್ತು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡು ಆಡಳಿತವನ್ನು ವಹಿಸಿಕೊಂಡಿತು. ಕಟ್ಟಿದವರು ಎರಡೇ ವರ್ಷಗಳಲ್ಲಿ ಹೊರಬಂದರು.

ಆ ಕಾರ್ಖಾನೆಯ ಮುಂದಿನ ಚರಿತ್ರೆ ನಮ್ಮ ವಿಷಯಕ್ಕೆ ಹತ್ತಿರದ್ದು. ಜರ್ಮನಿಯ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನ 1961ರಲ್ಲಿ ಮೊದಲ ಬಾರಿಗೆ ಹಾರಿತು. ಅದರ ವಿನ್ಯಾಸ ಬೇಡಿದಷ್ಟು ಶಕ್ತಿಯ ಎಂಜಿನ್ ಕೊನೆಗೂ ದೊರೆಯಲಿಲ್ಲ. ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನಿನಲ್ಲೇ ಅದು ದಿನ ದೂಡಿತು. ಉತ್ತಮ ಒಡಲು, ಸಾಲದ ಎಂಜಿನ್. ದಶಕಗಳ ಬಳಿಕ ಬಂದ ತೇಜಸ್ ಕೂಡ ಅಮೆರಿಕದ ಜಿಇ ಕಂಪನಿಯ ಎಫ್-404 ಎಂಜಿನ್ನನ್ನೇ ನೆಚ್ಚಿಕೊಂಡಿದೆ. ಆ ಎಂಜಿನ್ ಬರುವುದು ತಡವಾದರೆ ವಿಮಾನವೂ ತಡ.

ವಾಲ್‌ಚಂದ್ ಮೋಟಾರಿನ ಹಂಬಲ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. ಮೈಸೂರಿಗೆ ದಕ್ಕದ ಕಾರ್ಖಾನೆ ಮುಂಬೈಯ ಕುರ್ಲಾದಲ್ಲಿ ಎದ್ದಿತು. 1947ರಲ್ಲಿ ಕ್ರೈಸ್ಲರ್ ಪರವಾನಗಿಯ ಡಾಜ್, ಪ್ಲಿಮತ್, ಡಿಸೋಟೊ ವಾಹನಗಳು ಹೊರಬಂದವು. ಅಷ್ಟರಲ್ಲಿ ಬಿರ್ಲಾ ಕುಟುಂಬದ ಹಿಂದೂಸ್ತಾನ್ ಮೋಟಾರ್ಸ್ ಕೂಡ ರಂಗದಲ್ಲಿತ್ತು. 1949ರಲ್ಲಿ ವಾಲ್‌ಚಂದ್ ಪಾರ್ಶ್ವವಾಯುವಿಗೆ ತುತ್ತಾದರು. ಮರುವರ್ಷ ಉದ್ಯಮದಿಂದ ನಿವೃತ್ತರಾದರು. ಇಟಲಿಯ ಫಿಯಟ್ ಜೊತೆಗಿನ ಸಹಯೋಗದಲ್ಲಿ ಕುರ್ಲಾದಿಂದ 1951ರಲ್ಲಿ ಫಿಯಟ್ 500, 1954ರಲ್ಲಿ ಫಿಯಟ್ 1100 ಹೊರಬಂದವು. ಎರಡನೆಯದನ್ನು ನೋಡಲು ಅವರು ಇರಲಿಲ್ಲ. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ತೀರಿಕೊಂಡಿದ್ದರು.

ಅವರನ್ನು ಬರೀ ದೇಶಭಕ್ತ ಉದ್ಯಮಿಯೆಂದು ಹೊಗಳಿ ಮುಗಿಸುವುದು ಸರಿಯಲ್ಲ. ಸರ್ಕಾರದ ಗುತ್ತಿಗೆಯಿಂದಲೇ ಬೆಳೆದವರು ಅವರು. ಸರ್ಕಾರದ ರಕ್ಷಣೆಯನ್ನು ಬಯಸಿದವರೂ ಹೌದು. ಒಂದು ಉದ್ಯಮ ಕಾಲೂರುವ ಮುನ್ನವೇ ಇನ್ನೊಂದಕ್ಕೆ ಜಿಗಿಯುವುದು ಅವರ ಸ್ವಭಾವವಾಗಿತ್ತು. ಸಕ್ಕರೆ, ಮಿಠಾಯಿ, ಹಡಗು, ವಿಮಾನ, ಕಾರು ಎಲ್ಲವೂ ಒಂದೇ ಆಯುಷ್ಯದಲ್ಲಿ ಆಗಬೇಕೆಂಬ ಅವಸರ ಎದ್ದು ಕಾಣುತ್ತದೆ. ಆ ಅವಸರದ ಬೆಲೆಯನ್ನು ಮುಖ್ಯವಾಗಿ ತೆತ್ತದ್ದು ಅವರ ಕಾರು ಕಾರ್ಖಾನೆಯೇ. ಪರವಾನಗಿಯ ನಕ್ಷೆ ಹಿಡಿದು ಬಿಡಿಭಾಗಗಳನ್ನು ಒಂದೊಂದಾಗಿ ಇಲ್ಲಿ ತಯಾರಿಸಲು ಅದು ಕಲಿತಿತು. ಹೊಸ ಎಂಜಿನ್ನನ್ನು ತಾನೇ ರೂಪಿಸಲು ಕಲಿಯಲಿಲ್ಲ. ಸ್ಪರ್ಧೆಯೇ ಇಲ್ಲದ ಮಾರುಕಟ್ಟೆ, ವರ್ಷಗಟ್ಟಲೆ ಕಾಯುವ ಗ್ರಾಹಕ, ಉತ್ಪಾದನೆಗೆ ಮಿತಿ ಹಾಕುವ ಪರವಾನಗಿ ಪದ್ಧತಿ ಇವೆಲ್ಲ ಕಲಿಯುವ ಅಗತ್ಯವನ್ನೇ ಇಲ್ಲವಾಗಿಸಿದವು.

ಫಿಯಟ್ 1100 1970ರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಬಳಿಕ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಭಾರತೀಯವಾಯಿತು, ಒಳಗಿದ್ದುದು ಅದೇ 1089 ಸಿಸಿ ಎಂಜಿನ್. 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇ ಕಾರಿನಲ್ಲಂತೂ ಕಾರ್ಖಾನೆಯೇ ಗ್ಯಾರೇಜಿನ ಕೆಲಸ ಮಾಡಿತು. ಯೂರೋಪಿನ ಫಿಯಟ್ 124ರ ಒಡಲಿಗೆ ಜಪಾನಿನ ನಿಸಾನ್ ಕಂಪನಿಯ 1171 ಸಿಸಿ ಎಂಜಿನ್ ಕೂರಿಸಿತು. 1990ರ ದಶಕದಲ್ಲಿ ಪದ್ಮಿನಿಗೆ ಇಟಲಿಯ ಡೀಸೆಲ್ ಎಂಜಿನ್ ಬಂತು. ಅತ್ತ ಅಂಬಾಸಿಡರ್ ಕೂಡ ಮಾರಿಸ್ ಆಕ್ಸ್‌ಫರ್ಡಿನ ಹಳೆಯ ಮೈಯೊಳಗೆ ಇಸುಜು ಎಂಜಿನ್ ತುಂಬಿಕೊಂಡಿತು. ಹೊಸ ಶತಮಾನದ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು.

ಹಾಗೆಂದು ಎಂಜಿನ್ ಬದಲಾಯಿಸುವುದೇ ಕೀಳು ಕೆಲಸವೇನಲ್ಲ. ಅರಿತು ಮಾಡಿದರೆ ಅದು ಒಳ್ಳೆಯ ಪಾಠಶಾಲೆ. ಪದ್ಮಿನಿಯ ಎಂಜಿನ್ ಉದ್ದಕ್ಕೆ ಕೂತಿರುತ್ತದೆ. ಅದರ ಶಕ್ತಿ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಇಂದಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿದ್ದು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಆದ್ದರಿಂದ ಸಿಕ್ಕಿದ ಎಂಜಿನ್ನನ್ನು ತಂದು ತುರುಕಲಾಗದು. ಜಿಪ್ಸಿ, ಓಮ್ನಿಯಂಥ ಹಿಂಚಕ್ರ ಚಾಲನೆಯ ವಾಹನಗಳ ಎಂಜಿನ್ನನ್ನು ಮಿಸ್ತ್ರಿಗಳು ಹುಡುಕುವುದು ಈ ಕಾರಣಕ್ಕೆ. ಆ ಬಳಿಕ ಎಂಜಿನ್ ಮೌಂಟಿಂಗ್, ರೇಡಿಯೇಟರ್, ಶಾಫ್ಟಿನ ಉದ್ದ, ಡಿಫರೆನ್ಷಿಯಲ್‌ನ ಹಲ್ಲುಗಳ ಪ್ರಮಾಣ ಎಲ್ಲವನ್ನೂ ಹೊಂದಿಸಬೇಕು. ಶಕ್ತಿ ಹೆಚ್ಚಿದರೆ ಹಳೆಯ ಡ್ರಮ್ ಬ್ರೇಕು ಸಾಲದು. ಬ್ರೇಕು ಬದಲಿಸಿದರೆ ಪಾಟಾ, ಸ್ಟಿಯರಿಂಗ್‌ಗಳನ್ನೂ ನೋಡಬೇಕು.

ಚಾಸಿಯ ವಿಷಯ ಇನ್ನೂ ಸೂಕ್ಷ್ಮ. ಜೀಪಿಗೂ ಹಳೆಯ ಡಾಜ್ ಲಾರಿಗೂ ಕೆಳಗೆ ಏಣಿಯಂಥ ಪ್ರತ್ಯೇಕ ಚಾಸಿ ಇರುತ್ತದೆ. ಒಡಲನ್ನು ಎತ್ತಿ ಇನ್ನೊಂದರ ಮೇಲೆ ಇಡಬಹುದು. ಪದ್ಮಿನಿಯಲ್ಲಿ ಒಡಲೇ ಚಾಸಿ. ಅದರ ಚಕ್ರಾಂತರ 2340 ಮಿ.ಮೀ., ಜಿಪ್ಸಿಯದು 2375 ಮಿ.ಮೀ. ಅಂತರ ಕೇವಲ 35 ಮಿ.ಮೀ. ಎಂದು ಆಸೆಪಟ್ಟು ಪದ್ಮಿನಿಯ ತಳವನ್ನು ಕತ್ತರಿಸಿ ಜಿಪ್ಸಿಯ ಚಾಸಿಯ ಮೇಲೆ ಕೂರಿಸಿದರೆ ಒಡಲಿನ ಬಿಗಿಯೇ ಹೊರಟುಹೋಗುತ್ತದೆ. ಅದನ್ನು ಮತ್ತೆ ತುಂಬಿಕೊಡಲು ಎಲ್ಲಿ ಬಲ ಬೀಳುತ್ತದೆ, ಎಲ್ಲಿ ಬಿರುಕು ಹುಟ್ಟುತ್ತದೆ ಎಂಬ ಲೆಕ್ಕ ಬೇಕು. ಕಣ್ಣಳತೆ, ಕೈಚಳಕಗಳಿಂದ ಇಷ್ಟು ದೂರ ಬಂದ ಮಿಸ್ತ್ರಿಗೆ ವಿನ್ಯಾಸಶಾಸ್ತ್ರದ ಆಸರೆ ಬೇಕಾಗುವುದು ಇಲ್ಲಿಯೇ.

ಕಾನೂನು ಈ ಎರಡನ್ನೂ ಬೇರ್ಪಡಿಸಿ ನೋಡುತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬೇರೆ ಇಂಧನಕ್ಕೋ ವಿದ್ಯುತ್ತಿಗೋ ಬದಲಾಗಲು ಮಾತ್ರ ಅನುಮೋದಿತ ಕಿಟ್‌ನ ದಾರಿಯಿದೆ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಪ್ರತ್ಯೇಕ ವಿಂಟೇಜ್ ನಿಯಮ ಬಂತು. ಅದಕ್ಕೂ ಎಂಜಿನ್, ಚಾಸಿ, ಒಡಲು ಮೂಲದಂತೆಯೇ ಇರಬೇಕು. ಹೀಗೆ ಮೂಲರೂಪ ಉಳಿಸಿಕೊಂಡ ಕಾರಿಗೆ ಗೌರವದ ಸ್ಥಾನವಿದೆ, ವಿದ್ಯುತ್ ಕಿಟ್ ಕೊಳ್ಳಬಲ್ಲವನಿಗೆ ದಾರಿಯಿದೆ. ಲೆಕ್ಕ ಹಾಕಿ, ಪರೀಕ್ಷಿಸಿ ಬೇರೆ ಎಂಜಿನ್ ಅಳವಡಿಸಿದವನೂ ಬೆಸುಗೆ ಹಾಕಿ ಕೈತೊಳೆದುಕೊಂಡವನೂ ಕಾನೂನಿನ ಕಣ್ಣಿನಲ್ಲಿ ಒಂದೇ. ಅಪಘಾತವಾದರೆ ವಿಮೆಯ ತಕರಾರು ಇಬ್ಬರನ್ನೂ ಕಾಡುತ್ತದೆ.

ನಿರ್ಬಂಧವನ್ನು ಸಾರಾಸಗಟಾಗಿ ಸಡಿಲಿಸಿ ಎಂದು ಯಾರೂ ಕೇಳುವಂತಿಲ್ಲ. ರಸ್ತೆಯಲ್ಲಿ ಎದುರಿಗೆ ಬರುವವರ ಪ್ರಾಣ ಹವ್ಯಾಸಿಗಳ ಆಸೆಗಿಂತ ದೊಡ್ಡದು. ಆದರೆ ಬ್ರೇಕು, ಒಡಲಿನ ಬಲ, ಹೊಗೆ, ಬೆಳಕು ಇವುಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ಒಂದೊಂದೇ ವಾಹನಕ್ಕೆ ಅನುಮತಿ ನೀಡುವ ಪದ್ಧತಿ ಬ್ರಿಟನ್ನಿನಲ್ಲಿದೆ. ಅಂಥ ವ್ಯವಸ್ಥೆ ನಮ್ಮಲ್ಲಿ ಬಂದರೆ ಅದರ ಮೊದಲ ಲಾಭ ಮಹಾನಗರದ ಸಿರಿವಂತ ಸಂಗ್ರಾಹಕರಿಗಿಂತ ಆಳಂದ, ಅಫಜಲಪುರ, ಜೇವರ್ಗಿಗಳ ಮಿಸ್ತ್ರಿಗಳಿಗೆ ಸಲ್ಲಬೇಕು. ಕಲ್ಯಾಣ ಕರ್ನಾಟಕದ ಐಟಿಐ, ಪಾಲಿಟೆಕ್ನಿಕ್‌ಗಳು ಈ ಗ್ಯಾರೇಜುಗಳೊಡನೆ ಕೈಜೋಡಿಸಬೇಕು. ವಿದ್ಯಾರ್ಥಿಗೆ ಲೆಕ್ಕ ಗೊತ್ತು, ಕೈ ಪಳಗಿಲ್ಲ. ಮಿಸ್ತ್ರಿಗೆ ಕೈ ಪಳಗಿದೆ, ಲೆಕ್ಕ ಕಲಿಸಿದವರಿಲ್ಲ. ಕೆಲಸ ಹುಡುಕಿ ಪುಣೆ, ಮುಂಬೈಗಳಿಗೆ ಗುಳೆ ಹೋಗುವ ಈ ಸೀಮೆಯ ಯುವಕರಿಗೆ ವಿದ್ಯುತ್ ವಾಹನಗಳ ಕಾಲದಲ್ಲಿ ಇದು ಬದುಕಿನ ದಾರಿಯೂ ಆದೀತು. ಏಕೆಂದರೆ ಹಳೆಯ ವಾಹನಕ್ಕೆ ಮೋಟಾರು, ಬ್ಯಾಟರಿ ಅಳವಡಿಸುವುದೂ ಇದೇ ವಿದ್ಯೆಯ ಮುಂದುವರಿಕೆ.

ವಾಲ್‌ಚಂದ್ ಬಯಸಿದ್ದು ಇಡೀ ಯಂತ್ರವನ್ನು ಅರಿತು ಕಟ್ಟುವ ನಾಡನ್ನು. ಅವರಿಗೆ ದಕ್ಕಿದ್ದು ಪರವಾನಗಿ ಪತ್ರಗಳು, ತಡವಾಗಿ ಬಂದ ಅನುಮತಿಗಳು ಮತ್ತು ತಾವು ಕಟ್ಟಿ ಬಿಟ್ಟುಕೊಡಬೇಕಾದ ಒಂದು ಕಾರ್ಖಾನೆ. ಅವರು ತೀರಿಕೊಂಡು ಏಳು ದಶಕ ಕಳೆದರೂ ಬಾನೆಟ್ಟಿನ ಕೆಳಗೆ ಏನಿದೆ, ಅದನ್ನು ಬಲ್ಲವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಬೆಂಗಳೂರಿನ ವಿಮಾನ ಕಾರ್ಖಾನೆಗೆ ಅನ್ವಯಿಸುವ ಆ ಪ್ರಶ್ನೆ ಭೀಮಾ ತೀರದ ಗ್ಯಾರೇಜಿಗೂ ಅನ್ವಯಿಸುತ್ತದೆ. ಉತ್ತರ ಹುಡುಕುವ ಕೆಲಸವನ್ನು ಚಿಕ್ಕ ಕಡೆಯಿಂದಲೇ ಆರಂಭಿಸಿದರೆ ತಪ್ಪೇನು?